ಮನೆ ಒಂದೇ, ವಿಶ್ವವಿದ್ಯಾಲಯ ನಾಲ್ಕು!

ರಾಯಚೂರು ಜಿಲ್ಲೆಯ ಮಲ್ಲಟದ ಒಂದೇ ಮನೆಯ ನಾಲ್ಕು ತಲೆಮಾರಿನವರು ಊರು ಬಿಡದಿದ್ದರೂ ನಾಲ್ಕು ಬೇರೆ ಬೇರೆ ವಿ.ವಿ.ಗಳ ಪದವೀಧರರಾಗಿರಬಹುದು!

ನಿಜಾಮರ ಕಾಲದಲ್ಲಿ ರಾಯಚೂರಿಗೆ ಹೈದರಾಬಾದಿನ ಉಸ್ಮಾನಿಯಾವೇ ದಿಕ್ಕು. 1918ರಲ್ಲಿ ಶುರುವಾದ ಆ ವಿ.ವಿ.ಯಲ್ಲಿ ವೈದ್ಯಕೀಯವನ್ನೂ ಉರ್ದುವಿನಲ್ಲೇ ಓದಬೇಕಿತ್ತು. ಮನೆಮಾತು ಕನ್ನಡವಾದ ಹುಡುಗರಿಗೆ ಅದೆಷ್ಟು ಕಷ್ಟವಾಗಿರಬೇಕು! 1956ರ ಏಕೀಕರಣದ ನಂತರ ಧಾರವಾಡದ ಕರ್ನಾಟಕ ವಿ.ವಿ., 1980ರಿಂದ ಕಲಬುರಗಿಯ ಗುಲ್ಬರ್ಗ ವಿ.ವಿ. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಾದರೂ ದೇವದುರ್ಗ, ಮಾನ್ವಿಯ ವಿದ್ಯಾರ್ಥಿಗಳು ನೂರು ಕಿ.ಮೀ.ಗೂ ಹೆಚ್ಚು ದೂರದ ಕಲಬುರಗಿಗೆ ಬಸ್ಸು ಹತ್ತಬೇಕಿತ್ತು.

ಈಗ ರಾಯಚೂರು, ಯಾದಗಿರಿ ಜಿಲ್ಲೆಗಳಿಗೆ ಸ್ವಂತ ವಿ.ವಿ. ಇದೆ. ರಾಯಚೂರು ಬಳಿಯ ಯರಗೇರಾದಲ್ಲಿ ಗುಲ್ಬರ್ಗ ವಿ.ವಿ.ಯ ಸ್ನಾತಕೋತ್ತರ ಕೇಂದ್ರವಿದ್ದ ಜಾಗವೇ ಅದರ ಆವರಣ. ಹೆಸರು ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯ.