ಡೈನೋಸಾರ್ ನಿದ್ದೆ ಮಾಡುವುದಿಲ್ಲವೇ?

ಮಕ್ಕಳ ಕೈಗೆ ಕಾಗದ, ಬಣ್ಣದ ಪೆನ್ಸಿಲ್ ಕೊಟ್ಟು ಡೈನೋಸಾರ್ ಬಿಡಿಸಲು ಹೇಳಿ ನೋಡಿ. ಹೆಚ್ಚಿನವರು ಬಾಯಿ ತೆರೆದು ಗರ್ಜಿಸುವ, ಇನ್ನೊಂದರ ಮೇಲೆ ಎರಗುವ ಪ್ರಾಣಿಯನ್ನೇ ಬಿಡಿಸುತ್ತಾರೆ. ಸಿನಿಮಾದಲ್ಲಿ, ಆಟಿಕೆ ಅಂಗಡಿಯಲ್ಲಿ, ಟೀ ಶರ್ಟಿನ ಮೇಲೆ ನಾವು ಅವರಿಗೆ ತೋರಿಸಿದ್ದೂ ಅದನ್ನೇ. ಆದರೆ ಯಾವ ಪ್ರಾಣಿಯೂ ದಿನವಿಡೀ ಜಗಳವಾಡುವುದಿಲ್ಲ. ಸಿಂಹ ಕೂಡ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಹಾಗಾದರೆ ಡೈನೋಸಾರ್ ಉಳಿದ ಹೊತ್ತು ಏನು ಮಾಡುತ್ತಿತ್ತು?

2014ರಲ್ಲಿ ದುಬೈ ಮಾಲ್‌ನಲ್ಲಿ ನಿಲ್ಲಿಸಿದ ಡಿಪ್ಲೊಡೋಕಸ್ ಅಸ್ಥಿಪಂಜರದ ಮುಂದೆ ನಮ್ಮಲ್ಲಿ ಅನೇಕರು ಫೋಟೊ ತೆಗೆಸಿಕೊಂಡಿದ್ದೇವೆ. ಅಲ್ಲಿ ಕಾಣುವುದು ಬರೀ ಮೂಳೆ. ಚರ್ಮ, ಬಣ್ಣ, ನಡಿಗೆ ಎಲ್ಲವನ್ನೂ ಚಿತ್ರಕಾರರೇ ಸೇರಿಸಬೇಕು. ಆನೆಯ ಸೊಂಡಿಲಿನಲ್ಲಿ ಮೂಳೆಯಿಲ್ಲ, ಹುಂಜದ ಜುಟ್ಟಿನಲ್ಲೂ ಇಲ್ಲ. ಬರೀ ಮೂಳೆ ನೋಡಿ ಬಿಡಿಸಿದರೆ ಸೊಂಡಿಲಿಲ್ಲದ ಆನೆ, ಜುಟ್ಟಿಲ್ಲದ ಹುಂಜ ಆಗಬಹುದು.

ಇಂತಹ ಎಡವಟ್ಟು ನಿಜವಾಗಿಯೂ ನಡೆದಿದೆ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನಕ್ಕಾಗಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಮಾಡಿದ ಇಗ್ವಾನೊಡಾನ್ ಪ್ರತಿಮೆಗೆ ಮೂಗಿನ ಮೇಲೆ ಕೊಂಬಿದೆ. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಯೊಂದರಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕವು. ಆಮೇಲೆ ಖಚಿತವಾಯಿತು: ಅದು ಕೊಂಬಲ್ಲ, ಹೆಬ್ಬೆರಳಿನ ಮೊನೆ!

ಸ್ವಭಾವದ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪಾಗಿತ್ತು. 1923ರಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ಗೂಡಿನ ಮೇಲೆ ಒಂದು ಡೈನೋಸಾರ್ ಸಿಕ್ಕಿತು. ಬೇರೆಯವರ ಮೊಟ್ಟೆ ಕದಿಯಲು ಬಂದು ಸತ್ತಿರಬೇಕೆಂದು ಭಾವಿಸಿ ಅದಕ್ಕೆ 'ಓವಿರ್ಯಾಪ್ಟರ್', ಅಂದರೆ ಮೊಟ್ಟೆಗಳ್ಳ ಎಂದು ಹೆಸರಿಟ್ಟರು. ಚಿತ್ರಗಳಲ್ಲೂ ಅದು ಕಳ್ಳನಾಗಿಯೇ ಕಾಣಿಸಿಕೊಂಡಿತು. 1993ರಲ್ಲಿ ಅದೇ ಗೋಬಿಯಲ್ಲಿ ಅಂಥದ್ದೇ ಮೊಟ್ಟೆಯೊಳಗೆ ಭ್ರೂಣ ಸಿಕ್ಕಿತು. ಅದು ಓವಿರ್ಯಾಪ್ಟರ್ ಕುಟುಂಬದ್ದೇ ಮರಿ. ಅದೇ ಕುಟುಂಬದ ಇನ್ನೊಂದು ಪ್ರಾಣಿ, ಮೊಟ್ಟೆಗಳ ಸುತ್ತ ಕೈಚಾಚಿ ಕೋಳಿಯಂತೆ ಕಾವು ಕೂತ ಭಂಗಿಯಲ್ಲೇ ಮರಳಿನಲ್ಲಿ ಹೂತು ಕಲ್ಲಾಗಿತ್ತು. ಎಪ್ಪತ್ತು ವರ್ಷ ಕಳ್ಳ ಎನಿಸಿಕೊಂಡದ್ದು ಗೂಡು ಬಿಟ್ಟು ಕದಲದ ಜೀವ! ಹೀಗೆ ಕಾವು ಕೂರುತ್ತಿದ್ದುದು ಗಂಡೇ ಇರಬಹುದು ಎಂದು 2008ರಲ್ಲಿ ಕೆಲವು ವಿಜ್ಞಾನಿಗಳು ವಾದಿಸಿದರು, ಒಪ್ಪದವರೂ ಇದ್ದಾರೆ. ಹೆಸರು ಮಾತ್ರ ಇಂದಿಗೂ ಬದಲಾಗಿಲ್ಲ.

ನಿದ್ದೆಗೂ ಸಾಕ್ಷಿಯಿದೆ. 2004ರಲ್ಲಿ ಚೀನಾದಿಂದ ವರದಿಯಾದ 'ಮೆಯ್ ಲಾಂಗ್' ಎಂಬ ಪುಟ್ಟ ಡೈನೋಸಾರ್, ಹಕ್ಕಿಯಂತೆ ಮುದುಡಿ ತಲೆಯನ್ನು ತೋಳಿನ ಕಡೆಗೆ ಮಡಚಿಕೊಂಡು ಮಲಗಿದ ಭಂಗಿಯಲ್ಲೇ ಸಿಕ್ಕಿದೆ. 2010ರ ಹೊತ್ತಿಗೆ, ಪುಕ್ಕಗಳಲ್ಲಿ ಉಳಿದಿದ್ದ ಬಣ್ಣದ ಕಣಗಳಿಂದ ಸೈನೊಸಾರಾಪ್ಟರಿಕ್ಸ್‌ನ ಬಾಲಕ್ಕೆ ಕೆಂಗಂದು, ಬಿಳಿ ಪಟ್ಟೆ ಇತ್ತೆಂದೂ ತಿಳಿಯಿತು. 2012ರಲ್ಲಿ ಜಾನ್ ಕಾನ್ವೇ ಮತ್ತು ಗೆಳೆಯರು ತಂದ 'ಆಲ್ ಯೆಸ್ಟರ್‌ಡೇಸ್' ಪುಸ್ತಕದಲ್ಲಿ ಟಿ. ರೆಕ್ಸ್ ಕೂಡ ನೆಮ್ಮದಿಯಾಗಿ ಮಲಗಿದೆ.

ಇದನ್ನೆಲ್ಲ ಇಲ್ಲಿ ಬರೆಯಲು ಕಾರಣವಿದೆ. ನಮ್ಮಲ್ಲಿ ಎಷ್ಟೋ ಮಂದಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ, ಹೋಂವರ್ಕ್ ಆಯ್ತಾ" ಎಂದು ಕೇಳಿದ ಮೇಲೆ ಮಾತು ಮುಗಿದುಹೋಗುತ್ತದೆ. ಮಗು ಅಜ್ಜಿಗೆ ಫೋನ್ ಕೊಟ್ಟು ಆಡಲು ಓಡುತ್ತದೆ. ಮುಂದಿನ ಸಲ ಅಲ್ಲೊಂದು ಕಾಗದ, ಇಲ್ಲೊಂದು ಕಾಗದ ಇಟ್ಟುಕೊಂಡು ಇಬ್ಬರೂ ಒಂದೊಂದು ಡೈನೋಸಾರ್ ಬಿಡಿಸೋಣ. ಮೂರು ಪ್ರಶ್ನೆ ಸಾಕು. ಮೂಳೆ, ಪಳೆಯುಳಿಕೆಗಳಿಂದ ಗೊತ್ತಿರುವುದು ಏನು? ಡೈನೋಸಾರಿನ ನೆಂಟರಾದ ಕೋಳಿ, ಕಾಗೆ, ಮೊಸಳೆ ಇಂಥ ಹೊತ್ತಲ್ಲಿ ಏನು ಮಾಡುತ್ತವೆ? ಇನ್ನುಳಿದ ನಮ್ಮ ಊಹೆ ಯಾವುದು? ಹಿತ್ತಲ ಕೋಳಿ ಮಣ್ಣು ಕೆದಕುವುದನ್ನು, ಧೂಳಲ್ಲಿ ಹೊರಳುವುದನ್ನು ಮಗುವೇ ನೋಡಿ ನಮಗೆ ವರದಿ ಒಪ್ಪಿಸಲಿ. ಆಗ ಮಗು ಹೇಳುವವನು, ನಾವು ಕೇಳುವವರು.

ಚಿತ್ರ ಚೆನ್ನಾಗಿ ಬರದಿದ್ದರೆ ಚಿಂತೆಯಿಲ್ಲ. ಪ್ರತಿಮೆಗೆ ಮೂಗಿನ ಮೇಲೆ ಕೊಂಬಿಟ್ಟ ದೊಡ್ಡವರಿಗಿಂತ ನಮ್ಮ ತಪ್ಪು ದೊಡ್ಡದಾಗಲಾರದು.