ಇಪ್ಪತ್ತು ಪೌಂಡಿನ ಲೆಕ್ಕ

ಇಂಗಳೇಶ್ವರ ಬಸವಣ್ಣನವರ ತಾಯಿಯ ತವರು. ಊರಿನ ಶಿಲಾಮಂಟಪದಲ್ಲಿ ಶರಣರ ವಚನಗಳನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಬಸವಣ್ಣನವರು ಹುಟ್ಟಿ ಇಂದಿಗೆ ಸುಮಾರು 890 ವರ್ಷ. ಫುಟ್‌ಬಾಲ್ ಆಟಗಾರರ ಪಗಾರದ ಲೆಕ್ಕ ಹಾಕಲು ಕೂತಾಗ ನನಗೆ ಒದಗಿದ ಅಳತೆಗೋಲು ಈ 890 ವರ್ಷ.

1960ರ ಇಂಗ್ಲೆಂಡಿನಲ್ಲಿ ಎಂಥ ದೊಡ್ಡ ಆಟಗಾರನಿಗೂ ವಾರದ ಪಗಾರ 20 ಪೌಂಡು ಮೀರುವಂತಿರಲಿಲ್ಲ. ಲೀಗಿನ ನಿಯಮವೇ ಹಾಗಿತ್ತು. 2017ರಲ್ಲಿ ಬ್ರೆಜಿಲ್‌ನ ನೇಮರ್ ಬಾರ್ಸಿಲೋನಾ ಬಿಟ್ಟು ಪ್ಯಾರಿಸ್‌ನ ಕ್ಲಬ್ಬಿಗೆ ಹೋದಾಗ ಕೈಬದಲಾದದ್ದು 22.2 ಕೋಟಿ ಯೂರೊ, ಅಂದಾಜು 19.8 ಕೋಟಿ ಪೌಂಡು. ವಾರಕ್ಕೆ 20ರಂತೆ ಅಷ್ಟು ಗಳಿಸಲು 1 ಲಕ್ಷ 90 ಸಾವಿರ ವರ್ಷ ಬೇಕು! ಬೆಲೆ ಏರಿದ್ದನ್ನೂ ಹಿಡಿಯೋಣವೆಂದು ಆ 20ನ್ನು 400 ಮಾಡಿ ನೋಡಿದೆ. ಆಗಲೂ ಒಂಬತ್ತೂವರೆ ಸಾವಿರ ವರ್ಷ. ಬಸವಣ್ಣನವರು ಹುಟ್ಟಿದ ದಿನದಿಂದ ಇವತ್ತಿನವರೆಗೆ ಒಂದು ವಾರವೂ ತಪ್ಪದೆ ದುಡಿದು, ಮತ್ತೆ ಮೊದಲಿನಿಂದ ಶುರು ಮಾಡಿ, ಹೀಗೆ ಹತ್ತು ಸಲ ದುಡಿದರೂ ಲೆಕ್ಕ ಚುಕ್ತಾ ಆಗುವುದಿಲ್ಲ.

ಅದೂ ಆ ಹಣ ಆಟಗಾರನ ಪಗಾರವಲ್ಲ, ಒಂದು ಕ್ಲಬ್ಬಿಗೆ ಸಂದ ಬಿಡುಗಡೆಯ ಬೆಲೆ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಜೋಡಿ ಎತ್ತಿಗೆ ಎಷ್ಟೇ ಬೆಲೆ ಬಂದರೂ ಎತ್ತಿಗೆ ಸಿಗುವುದು ಮೇವು. ಇಂಗ್ಲೆಂಡಿನ ಆಟಗಾರರ ಪಾಡೂ ಬಹುಕಾಲ ಹಾಗೇ ಇತ್ತು. ಕರಾರು ಮುಗಿದರೂ ಕ್ಲಬ್ಬು ಒಪ್ಪದೆ ಬೇರೆ ಕಡೆ ಆಡುವಂತಿರಲಿಲ್ಲ.

1907ರ ಡಿಸೆಂಬರ್ 2ರಂದು ಮ್ಯಾಂಚೆಸ್ಟರ್‌ನಲ್ಲಿ ಆಟಗಾರರು ಸಂಘ ಕಟ್ಟಿದರು. ಪಗಾರದ ಮಿತಿ 1901ರಲ್ಲಿ 4 ಪೌಂಡು ಇದ್ದದ್ದು 20ಕ್ಕೆ ಬರಲು ಸುಮಾರು ಅರವತ್ತು ವರ್ಷ ಹಿಡಿಯಿತು. ಕೊನೆಗೆ ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ 1961ರ ಜನವರಿ 21ರಿಂದ ಆಡುವುದಿಲ್ಲ ಎಂದು ಒಕ್ಕೊರಲಲ್ಲಿ ನಿಂತರು. 18ಕ್ಕೇ ಲೀಗು ಮಣಿಯಿತು. ಅದೇ ವರ್ಷ ಫುಲ್‌ಹ್ಯಾಮ್ ಕ್ಲಬ್ಬಿನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡು ಎಣಿಸಿದರು. ಅರವತ್ತು ವರ್ಷದಲ್ಲಿ 16 ಪೌಂಡು ಏರಿದ್ದು, ಒಂದೇ ವರ್ಷದಲ್ಲಿ 80 ಏರಿತು. ಒಂದು ಪಂದ್ಯವೂ ನಿಲ್ಲಲಿಲ್ಲ!

ನನಗೆ ಇದಕ್ಕಿಂತ ಪ್ರೀತಿಯ ಅಂಕಿ ಸ್ಪೇನಿನ ಹೆಣ್ಣುಮಕ್ಕಳದು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮಹಿಳಾ ಲೀಗಿನವರು ಮೊದಲ ಸುತ್ತಿನ ಪಂದ್ಯಗಳನ್ನೇ ಆಡದೆ ಮುಷ್ಕರ ಹೂಡಿ, ವರ್ಷದ ಕನಿಷ್ಠ ಪಗಾರವನ್ನು 16,000 ಯೂರೊದಿಂದ 21,000ಕ್ಕೆ ಏರಿಸಿಕೊಂಡರು. ಹೆಸರಿಲ್ಲದೆ ಬೆಂಚಿನ ಮೇಲೆ ಕೂತವಳಿಗೂ ಅದು ಸಿಕ್ಕಿತು. ನೇಮರ್ ಒಬ್ಬರಿಗಾಗಿ ತೆತ್ತ ಹಣದಲ್ಲಿ ಆ 5,000 ಯೂರೊದ ಏರಿಕೆಯನ್ನು 44,400 ಮಂದಿಗೆ ಹಂಚಬಹುದಿತ್ತು.

ನಮ್ಮ ಕಡೆಯ ಲೆಕ್ಕ ಬೇರೆಯೇ. 2010ರಲ್ಲಿ ಭಾರತೀಯ ಫುಟ್‌ಬಾಲ್‌ನ ವಾಣಿಜ್ಯ ಹಕ್ಕು 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಹೋಯಿತು. ನೇಮರ್‌ಗಾಗಿ ತೆತ್ತದ್ದು ಅಂದಿನ ದರದಲ್ಲಿ 1,600 ಕೋಟಿಗೂ ಮೇಲೆ. ಒಂದಿಡೀ ದೇಶದ ಹದಿನೈದು ವರ್ಷದ ಆಟಕ್ಕೆ ಒಬ್ಬ ಆಟಗಾರನ ಅರ್ಧ ಬೆಲೆಯೂ ಇಲ್ಲ. ಆ ಒಪ್ಪಂದ ಮುಗಿಯುವ ಹೊತ್ತಿಗೆ ಹೊಸದು ಆಗದೆ ಇಂಡಿಯನ್ ಸೂಪರ್ ಲೀಗ್ ನಿಂತಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಪಗಾರವನ್ನು ಅನಿರ್ದಿಷ್ಟ ಕಾಲಕ್ಕೆ ತಡೆಹಿಡಿಯಿತು. ನಮ್ಮ ಆಟಗಾರರಿಗೂ 2006ರಿಂದ ಸಂಘವಿದೆ. ಬೈಚುಂಗ್ ಭುಟಿಯಾ ಅದರ ಮೊದಲ ಮುಂದಾಳು. 65,000ಕ್ಕೂ ಹೆಚ್ಚು ಆಟಗಾರರ ಜಾಗತಿಕ ಒಕ್ಕೂಟ ಫಿಫ್‌ಪ್ರೊ ಕೂಡ ಇದೆ. ಆದರೆ ಆಟವೇ ಇಲ್ಲದಾಗ ಆಡುವುದಿಲ್ಲ ಎಂದು ಯಾರನ್ನು ಹೆದರಿಸುವುದು?

2025ರ ನವೆಂಬರ್‌ನಲ್ಲಿ ಸುನಿಲ್ ಚೇತ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್ ಸೇರಿದಂತೆ ಬೇರೆ ಬೇರೆ ಕ್ಲಬ್ಬುಗಳ ಆಟಗಾರರು ಒಂದೇ ಒಕ್ಕಣೆಯ ಮನವಿ ಹೊರಡಿಸಿದರು. ಅದರಲ್ಲಿ ಪಗಾರ ಏರಿಸಿ ಎಂಬ ಮಾತಿರಲಿಲ್ಲ. ನಮಗೆ ಆಡಬೇಕು, ಈಗಲೇ ಆಡಬೇಕು ಎಂದಷ್ಟೇ ಕೇಳಿದ್ದರು.