ಕಿರುಬೆರಳು ಜೋಮು ಹಿಡಿದರೆ ಮೊಣಕೈ ನೋಡಿ

ಮೊಣಕೈಯ ಒಳಬದಿ ಬಾಗಿಲಿಗೆ ಬಡಿದಾಗ ಕಿರುಬೆರಳ ತುದಿಯವರೆಗೂ ಶಾಕ್ ಹೊಡೆದಂತಾಗುತ್ತದಲ್ಲ, ಆ ಪೆಟ್ಟು ತಗುಲುವುದು ಅಲ್ನಾರ್ ನರಕ್ಕೆ. ಕುತ್ತಿಗೆಯಿಂದ ಬೆರಳಿನವರೆಗೆ ಸಾಗುವ ಈ ನರ ಮೊಣಕೈಯಲ್ಲಿ ಮಾಂಸದ ಮರೆಯಿಲ್ಲದೆ, ಚರ್ಮದ ಕೆಳಗೇ, ಮೂಳೆಯ ಹಿಂದಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಆ ಇಕ್ಕಟ್ಟಿಗೆ ವೈದ್ಯರು ಕ್ಯುಬಿಟಲ್ ಟನಲ್ ಎನ್ನುತ್ತಾರೆ.

ಕೈ ಮಡಚಿದಾಗ ನರದ ಮೇಲಿನ ಪಟ್ಟಿ ಬಿಗಿಯುತ್ತದೆ, ನರವೂ ಜಗ್ಗುತ್ತದೆ, ಅದಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಕೈ ಮಡಚಿ ತಲೆಯ ಕೆಳಗಿಟ್ಟು ಮಲಗುವವರಿಗೆ ನಡುರಾತ್ರಿ ಎಚ್ಚರವಾಗುವುದು ಇದರಿಂದಲೇ. ಕಿರುಬೆರಳು ಮತ್ತು ಉಂಗುರ ಬೆರಳಿನಲ್ಲಿ ಕಿರುಬೆರಳ ಕಡೆಯ ಅರ್ಧ ಮರಗಟ್ಟಿರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಸಾಮಾನ್ಯವಾಗಿ ಅದು ಮಣಿಕಟ್ಟಿನ ಬೇರೊಂದು ನರದ ತೊಂದರೆ. ಕುತ್ತಿಗೆಯಲ್ಲಿ ನರ ಒತ್ತಿದರೂ ಕಿರುಬೆರಳು ಜೋಮು ಹಿಡಿಯುವುದುಂಟು. ಆಗ ಹೆಚ್ಚಾಗಿ ಕುತ್ತಿಗೆ, ಭುಜ ಕೂಡ ನೋಯುತ್ತವೆ.

ಜೋಮು ಬಂದು ಹೋಗುವ ಹಂತದಲ್ಲಿ ಮನೆಮದ್ದೇ ಸಾಕಾಗಬಹುದು, ಆದರೆ ತಾಳ್ಮೆ ಬೇಕು. ಮಲಗುವಾಗ ಟವೆಲನ್ನು ಮೊಣಕೈಗೆ ಸಡಿಲವಾಗಿ ಸುತ್ತಿ, ಕೈ ಪೂರ್ತಿ ಮಡಚದಂತೆ ಮಾಡಿ. ಹಗಲಲ್ಲಿ ಮೊಣಕೈಯನ್ನು ಮೇಜಿಗೋ ಬಸ್ಸಿನ ಕಿಟಕಿಗೋ ಊರಬೇಡಿ. ಗಂಟೆಗಟ್ಟಲೆ ಫೋನನ್ನು ಕಿವಿಗೆ ಹಿಡಿಯುವ ಬದಲು ಇಯರ್‌ಫೋನ್ ಹಾಕಿಕೊಳ್ಳಿ. ನೋವಿರುವ ಜಾಗವನ್ನು ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳುವುದಂತೂ ಬೇಡವೇ ಬೇಡ. ಒತ್ತಿದ ನರವನ್ನು ಮತ್ತೆ ಒತ್ತಿದಂತಾಗುತ್ತದೆ.

ಜೋಮು ಬಿಡದೇ ಉಳಿದರೆ ಅಥವಾ ಬಲ ಕುಗ್ಗಿದರೆ ಕಾಯಬಾರದು. ಬೀಗದ ಕೈ ತಿರುಗಿಸಲು, ಗುಂಡಿ ಹಾಕಲು ತಡವರಿಸುವುದು, ಹಿಂಗೈಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸ ಇಳಿದು ಗುಳಿ ಬೀಳುವುದು ನರ ಸೊರಗಿದ ಗುರುತು. ನೋವಿಲ್ಲವೆಂದು ಎಷ್ಟೋ ಜನ ಇದನ್ನು ಕಡೆಗಣಿಸುತ್ತಾರೆ, ನನ್ನ ಆತಂಕವೂ ಅದೇ. ಹಾಳಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಅಂಗೈ ತಲುಪಲು ವರ್ಷದ ಹತ್ತಿರ ಹಿಡಿಯುತ್ತದೆ, ಅಷ್ಟರಲ್ಲಿ ಸ್ನಾಯು ಪೂರ್ತಿ ಸೊರಗಿರಬಹುದು. ನರದಲ್ಲಿ ಸಂಕೇತ ಎಲ್ಲಿ ನಿಧಾನವಾಗುತ್ತಿದೆ ಎಂದು ನರ್ವ್ ಕಂಡಕ್ಷನ್ ಪರೀಕ್ಷೆ ತೋರಿಸುತ್ತದೆ. ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯಲ್ಲಿ ಬಿಗಿದ ಪಟ್ಟಿಯನ್ನು ಕತ್ತರಿಸಿ ಬಿಡಿಸುತ್ತಾರೆ, ಕೆಲವರಿಗೆ ನರವನ್ನು ಮೂಳೆಯ ಮುಂದಕ್ಕೆ ಸರಿಸುತ್ತಾರೆ.

ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯುವಂತಿಲ್ಲ. ಕುಷ್ಠರೋಗ ಬಹಳ ಸಲ ಹಿಡಿಯುವುದು ಇದೇ ನರವನ್ನು, ಇದೇ ಮೊಣಕೈ ಬಳಿ. ನರ ಹುರಿಯಂತೆ ದಪ್ಪವಾಗಿ ಕೈಗೆ ಸಿಗುತ್ತಿದ್ದರೆ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ನಾಚಿಕೊಳ್ಳದೆ ವೈದ್ಯರಿಗೆ ತೋರಿಸಿ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ. ಹೊಸದಾಗಿ ಬಲ ಕುಗ್ಗಿದ್ದರೆ ಜೊತೆಗೆ ಸ್ಟೀರಾಯ್ಡ್ ಮಾತ್ರೆಯನ್ನೂ ಕೊಡುತ್ತಾರೆ. ಬಲ ಕುಗ್ಗಿ 6 ತಿಂಗಳಾಗುವುದರೊಳಗೆ ಅದನ್ನು ಶುರು ಮಾಡಿದರೆ ಕೈ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು.